ಅಮೆರಿಕದ ಕಿಶೋರ ಸಾಹಿತ್ಯದಲ್ಲಿ ಹದಿಹರೆಯದ ತೊಳಲಾಟ

ತೊಳಲಾಟಕ್ಕೆ ಸಿಕ್ಕಿದ ಹದಿಹರೆಯದ ಹುಡುಗ ಅಥವಾ ಹುಡುಗಿಯನ್ನು ಕೇಂದ್ರದಲ್ಲಿಟ್ಟು, ಅದೇ ವಯಸ್ಸಿನವರು ಓದಲೆಂದು ಬರೆದ ಕಾದಂಬರಿಗಳು ಅಮೆರಿಕದ ಕಿಶೋರ ಸಾಹಿತ್ಯದ ಮುಖ್ಯ ಧಾರೆ. ಅಲ್ಲಿನ ಗ್ರಂಥಪಾಲಕರೂ ಪ್ರಕಾಶಕರೂ 'ಯಂಗ್ ಅಡಲ್ಟ್' ಎಂದು ಕರೆಯುವ ವಿಭಾಗ ಸುಮಾರು 12ರಿಂದ 18 ವರ್ಷದ ಓದುಗರಿಗೆ ಸೇರಿದ್ದು. ಅದರೊಳಗೆ ಪ್ರೇಮಕಥೆ, ಪತ್ತೇದಾರಿ, ಮಾಯಾಲೋಕ, ವಿಜ್ಞಾನಕಥೆ ಎಲ್ಲವೂ ಇವೆ. ಆದರೆ ಆ ವಿಭಾಗಕ್ಕೆ ಸಾಹಿತ್ಯಪ್ರಕಾರದ ಗೌರವ ದಕ್ಕಿದ್ದು ಮನೆಯೊಳಗಿನ ಸಾವು, ಶಾಲೆಯ ಕಿರುಕುಳ, ಮಾದಕ ವ್ಯಸನ, ಲೈಂಗಿಕ ದೌರ್ಜನ್ಯ, ಖಿನ್ನತೆ, ಬೀದಿ ಜಗಳ, ಪೊಲೀಸು, ಕೋರ್ಟು ಇವುಗಳ ನಡುವೆ ಸಿಕ್ಕಿಕೊಂಡ ಮಕ್ಕಳ ಕಥೆಗಳಿಂದ.

ಈ ಕಾದಂಬರಿಗಳನ್ನು ಅವು ಎತ್ತಿಕೊಂಡ ಸಮಸ್ಯೆಯ ಪ್ರಕಾರ ವಿಂಗಡಿಸುವುದು ರೂಢಿ. ಗ್ರಂಥಾಲಯದ ಪಟ್ಟಿಗೆ ಅದು ಅನುಕೂಲ. ಆದರೆ ಕಾಲ ಸರಿದರೂ ಉಳಿದುಕೊಂಡ ಪುಸ್ತಕಗಳನ್ನು ಒಟ್ಟಿಗಿಟ್ಟು ನೋಡಿದರೆ ಬೇರೆಯೇ ಒಂದು ಸಂಗತಿ ಎದ್ದು ಕಾಣುತ್ತದೆ. ಸಂಕಟದಲ್ಲಿರುವ ಹದಿಹರೆಯದವರು ಸಾಮಾನ್ಯವಾಗಿ ಬಾಯಿ ಬಿಡುವುದಿಲ್ಲ. ಹಾಗಿರುವಾಗ ಇನ್ನೂರು ಪುಟ ಮಾತಾಡುವ ನಿರೂಪಕ ಯಾರ ಮುಂದೆ, ಯಾತಕ್ಕಾಗಿ ಮಾತಾಡುತ್ತಿದ್ದಾನೆ ಎಂಬುದಕ್ಕೆ ಲೇಖಕರು ಉತ್ತರ ಕಂಡುಕೊಳ್ಳಲೇಬೇಕು. ಚಿಕಿತ್ಸಾಲಯದಲ್ಲಿ ಕೂತು ಹೇಳಿದ ಕಥೆ, ಇಂಗ್ಲಿಷ್ ಮೇಷ್ಟರಿಗೆ ಬರೆದ ಪ್ರಬಂಧ, ಗುರುತಿಲ್ಲದವರಿಗೆ ಹಾಕಿದ ಕಾಗದ, ಕ್ಯಾಸೆಟ್ಟು, ಚಿತ್ರಕಥೆ ಎಲ್ಲವೂ ಅಂಥ ಉತ್ತರಗಳೇ. ಈ ಧಾರೆಯ ಇತಿಹಾಸ ಬಹುಮಟ್ಟಿಗೆ ಕೇಳುವ ಕಿವಿಯೊಂದನ್ನು ಹುಡುಕಿಕೊಂಡ ಇತಿಹಾಸ.

ಹಿನ್ನೆಲೆ

ನೊಂದ ಯುವಕನ ಕಥೆ ಹೊಸದಲ್ಲ. ಗಯಟೆಯ 'ವೆರ್ಥರ್' 1774ರಲ್ಲೇ ಯುರೋಪನ್ನು ಅಲ್ಲಾಡಿಸಿತ್ತು. ಆದರೆ ಬಾಲ್ಯಕ್ಕೂ ಪ್ರಾಯಕ್ಕೂ ನಡುವೆ ಪ್ರತ್ಯೇಕವಾದ ಒಂದು ಘಟ್ಟವಿದೆ, ಅದಕ್ಕೆ ಅದರದೇ ಬೇಗುದಿಗಳಿವೆ ಎಂಬ ತಿಳಿವಳಿಕೆ ಜನಸಾಮಾನ್ಯರಲ್ಲಿ ಬೇರೂರಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಅಮೆರಿಕದ ಮನಶ್ಶಾಸ್ತ್ರಜ್ಞ ಜಿ. ಸ್ಟಾನ್ಲಿ ಹಾಲ್ ಹದಿಹರೆಯವನ್ನು ಕುರಿತು 1904ರಲ್ಲಿ ಎರಡು ಸಂಪುಟಗಳ ಗ್ರಂಥ ಹೊರತಂದು, ಅದನ್ನು ಬಿರುಗಾಳಿಯ ಕಾಲವೆಂದು ಬಣ್ಣಿಸಿದ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಸಿಗದ ಹುಡುಗರು ದೊಡ್ಡ ಸಂಖ್ಯೆಯಲ್ಲಿ ಹೈಸ್ಕೂಲಿನಲ್ಲೇ ಉಳಿದರು. ದಿನವಿಡೀ ಓರಗೆಯವರ ನಡುವೆಯೇ ಕಳೆಯುವ, ತಮ್ಮದೇ ಮಾತು, ಉಡುಗೆ, ಸಂಗೀತ ಇರುವ ಗುಂಪೊಂದು ಹೀಗೆ ಹುಟ್ಟಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ 'ಟೀನೇಜರ್' ಎಂಬ ಹೆಸರು ಪತ್ರಿಕೆಗಳಲ್ಲಿ ಸಲೀಸಾಗಿ ಓಡಾಡತೊಡಗಿತ್ತು.

ಈ ಗುಂಪನ್ನು ಓದುಗರೆಂದು ಮೊದಲು ಗುರುತಿಸಿದವರು ಗ್ರಂಥಪಾಲಕರು. ಬಾಲ್ಟಿಮೋರ್ ನಗರದ ಈನಕ್ ಪ್ರಾಟ್ ಗ್ರಂಥಾಲಯದ ಮಾರ್ಗರೆಟ್ ಎಡ್ವರ್ಡ್ಸ್ 1940ರ ದಶಕದಲ್ಲಿ ಕುದುರೆಗಾಡಿಯಲ್ಲಿ ಪುಸ್ತಕ ತುಂಬಿಕೊಂಡು ಬಡವರ ಕೇರಿಗಳಿಗೆ ಹೋಗುತ್ತಿದ್ದರು. ಅಮೆರಿಕನ್ ಗ್ರಂಥಾಲಯ ಸಂಘ ಕಿಶೋರರ ಸೇವೆಗೆಂದು 1957ರಲ್ಲಿ ಪ್ರತ್ಯೇಕ ವಿಭಾಗ ತೆರೆಯಿತು. ಆದರೆ ಅಲ್ಲಿಡಲು ತಕ್ಕ ಪುಸ್ತಕಗಳು ಹೆಚ್ಚು ಇರಲಿಲ್ಲ. ಮೊರೀನ್ ಡೇಲಿಯ 'ಸೆವೆಂಟೀನ್ತ್ ಸಮ್ಮರ್' (1942) ಹದಿನೇಳರ ಹುಡುಗಿಯ ಬೇಸಗೆ ಪ್ರೇಮವನ್ನು ಅವಳದೇ ಬಾಯಲ್ಲಿ ಹೇಳಿ ಜನಪ್ರಿಯವಾಗಿತ್ತು. ಉಳಿದಂತೆ ಕ್ರೀಡೆ, ಮೋಟಾರು, ದಾದಿ ವೃತ್ತಿ, ಶಾಲೆಯ ನೃತ್ಯಕೂಟ ಇಂಥವೇ ವಸ್ತು. ಕೊನೆಯಲ್ಲಿ ಎಲ್ಲವೂ ಸರಿಹೋಗುತ್ತಿತ್ತು.

ಸಾಲಿಂಜರ್: ದೊಡ್ಡವರಿಗೆಂದು ಬರೆದ ಪುಸ್ತಕ

ಈ ಧಾರೆಗೆ ದನಿ ಕೊಟ್ಟ ಕಾದಂಬರಿ ಕಿಶೋರರಿಗಾಗಿ ಬರೆದದ್ದೇ ಅಲ್ಲ. ಜೆ. ಡಿ. ಸಾಲಿಂಜರನ 'ದಿ ಕ್ಯಾಚರ್ ಇನ್ ದ ರೈ' 1951ರ ಜುಲೈನಲ್ಲಿ ಪ್ರಕಟವಾದದ್ದು ಪ್ರೌಢ ಓದುಗರಿಗೆ. ಹೋಲ್ಡನ್ ಕಾಲ್‌ಫೀಲ್ಡ್ ಎಂಬ ಹದಿನಾರರ ಹುಡುಗ ಐದು ವಿಷಯಗಳಲ್ಲಿ ನಾಲ್ಕರಲ್ಲಿ ನಪಾಸಾಗಿ ಪೆನ್ಸಿಲ್ವೇನಿಯದ ವಸತಿಶಾಲೆಯಿಂದ ಹೊರಬೀಳುತ್ತಾನೆ. ಸುದ್ದಿ ಮನೆಗೆ ಮುಟ್ಟುವ ಮುಂಚೆ ಕ್ರಿಸ್‌ಮಸ್ ಹೊತ್ತಿನ ನ್ಯೂಯಾರ್ಕಿನಲ್ಲಿ ಎರಡು ಮೂರು ದಿನ ಒಬ್ಬನೇ ಅಲೆಯುತ್ತಾನೆ. ಹೋಟೆಲು, ಟ್ಯಾಕ್ಸಿ, ಬಾರು, ಮ್ಯೂಸಿಯಮ್ಮು ಸುತ್ತುತ್ತಾನೆ. ಕೊನೆಗೆ ತಂಗಿ ಫೀಬಿಯ ಹತ್ತಿರ ಬರುತ್ತಾನೆ. ಹೇಳಿಕೊಳ್ಳುವಂಥ ಕಥೆ ಇಷ್ಟೇ. ಎಲ್ಲರೂ ನಾಟಕದವರು, ಎಲ್ಲವೂ ಸೋಗು ಎಂಬ ಅವನ ಗೊಣಗಾಟವೇ ಮೊದಲ ಓದಿಗೆ ಕಿವಿಗೆ ಬೀಳುವುದು.

ಸಾಲಿಂಜರನ ಜಾಣ್ಮೆ ಇರುವುದು ಹೋಲ್ಡನ್ ಏನನ್ನು ಸರಕ್ಕನೆ ಹೇಳಿ ಮುಂದೆ ಹೋಗುತ್ತಾನೆ ಎಂಬುದರಲ್ಲಿ. ಕೊಠಡಿಯ ಜೊತೆಗಾರನಿಗೆ ಇಂಗ್ಲಿಷ್ ಪ್ರಬಂಧವೊಂದನ್ನು ಬರೆದುಕೊಡಬೇಕಾಗಿ ಬಂದಾಗ ಅವನು ಆರಿಸಿಕೊಳ್ಳುವುದು ತಮ್ಮ ಆಲಿಯ ಬೇಸ್‌ಬಾಲ್ ಗ್ಲೌಸನ್ನು. ಮೈದಾನದಲ್ಲಿ ಸುಮ್ಮನೆ ನಿಂತಿರುವಾಗ ಓದಿಕೊಳ್ಳಲೆಂದು ಆಲಿ ಅದರ ಬೆರಳು, ಅಂಗೈಗಳ ಮೇಲೆಲ್ಲ ಹಸಿರು ಶಾಯಿಯಲ್ಲಿ ಪದ್ಯ ಬರೆದುಕೊಂಡಿದ್ದ. ಅವನು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ರಾತ್ರಿ ಹದಿಮೂರರ ಹೋಲ್ಡನ್ ಗ್ಯಾರೇಜಿನ ಕಿಟಕಿಗಳನ್ನೆಲ್ಲ ಬರಿಗೈಯಲ್ಲಿ ಒಡೆದುಹಾಕಿದ್ದ. ಈ ವಿವರ ಬರುವುದು ಪುಸ್ತಕದ ಮೊದಲ ಭಾಗದಲ್ಲಿ, ಒಂದೆರಡು ಪುಟಗಳಲ್ಲಿ. ಅದರ ಮೇಲೆ ನಿಂತು ಅಳುವ ಸನ್ನಿವೇಶವಿಲ್ಲ, ಮನೆಯವರು ಕೂರಿಸಿಕೊಂಡು ಸಮಾಧಾನ ಹೇಳಿದ ಸನ್ನಿವೇಶವೂ ಇಲ್ಲ. ನಾಲ್ಕು ವಿಷಯದ ನಪಾಸು, ಜಗಳಗಂಟತನ, ಕಂಡವರನ್ನೆಲ್ಲ ಹಳಿಯುವ ಚಟ ಎಲ್ಲದರ ಬೇರು ಅಲ್ಲಿದೆ ಎಂಬುದು ಓದುಗನಿಗೆ ತಾನಾಗಿ ಹೊಳೆಯಬೇಕು. ಹೋಲ್ಡನ್ ಈ ಕಥೆಯನ್ನು ಕ್ಯಾಲಿಫೋರ್ನಿಯದ ಚಿಕಿತ್ಸಾಲಯವೊಂದರಲ್ಲಿದ್ದುಕೊಂಡು ಹೇಳುತ್ತಿದ್ದಾನೆ. ಕೇಳುತ್ತಿರುವವರು ಯಾರೆಂದು ಸಾಲಿಂಜರ್ ಬಿಡಿಸಿ ಹೇಳುವುದಿಲ್ಲ.

ನಿರೂಪಕ ತನ್ನ ನೋವಿನ ಸುತ್ತ ಸುತ್ತುತ್ತಾನೆ, ಒಳಗೆ ಹೋಗುವುದಿಲ್ಲ ಎಂಬ ಈ ಕ್ರಮ ಮುಂದಿನ ಕಿಶೋರ ಕಾದಂಬರಿಗೆ ಮಾದರಿಯಾಯಿತು. ಅವನ ಸಿಡುಕು ಮಾತನ್ನಷ್ಟೇ ಅನುಕರಿಸಿದವರೂ ಬೇಕಾದಷ್ಟು ಮಂದಿ. ಅಂಥ ಪುಸ್ತಕಗಳಲ್ಲಿ ಗೊಣಗಾಟ ಉಂಟು, ಗ್ಲೌಸು ಇಲ್ಲ.

ಹಿಂಟನ್ ಮತ್ತು 1967

ಹದಿಹರೆಯದವರ ಕಥೆಯನ್ನು ಹದಿಹರೆಯದ ಹುಡುಗಿಯೇ ಬರೆದ ಪುಸ್ತಕ ಹೊರಬಂದದ್ದು ಸಾಲಿಂಜರನ ಕಾದಂಬರಿ ಬಂದ ಹದಿನಾರು ವರ್ಷಗಳ ನಂತರ. ಒಕ್ಲಹೋಮ ರಾಜ್ಯದ ಟಲ್ಸಾ ನಗರದ ವಿಲ್ ರಾಜರ್ಸ್ ಹೈಸ್ಕೂಲಿನ ವಿದ್ಯಾರ್ಥಿನಿ ಸೂಸನ್ ಎಲೋಯಿಸ್ ಹಿಂಟನ್, ಸಿನಿಮಾ ನೋಡಿ ನಡೆದು ಬರುತ್ತಿದ್ದ ಗೆಳೆಯನೊಬ್ಬನಿಗೆ ಶ್ರೀಮಂತ ಹುಡುಗರು ಹೊಡೆದದ್ದರಿಂದ ಸಿಟ್ಟಾಗಿ ಹದಿನೈದನೆಯ ವಯಸ್ಸಿನಲ್ಲಿ ಒಂದು ಕಥೆಗೆ ಕೈಹಾಕಿದಳು. ಬಹುಪಾಲು ಬರೆದದ್ದು ಹದಿನಾರರಲ್ಲಿ. ಆ ವರ್ಷ ಶಾಲೆಯ ಸೃಜನಶೀಲ ಬರವಣಿಗೆಯ ತರಗತಿಯಲ್ಲಿ ಅವಳಿಗೆ ಸಿಕ್ಕಿದ್ದು 'ಡಿ' ದರ್ಜೆ. 'ದಿ ಔಟ್‌ಸೈಡರ್ಸ್' 1967ರ ಏಪ್ರಿಲ್‌ನಲ್ಲಿ ವೈಕಿಂಗ್ ಪ್ರಕಾಶನದಿಂದ ಹೊರಬಂತು. ಹುಡುಗಿ ಬರೆದದ್ದೆಂದು ತಿಳಿದರೆ ಗಂಡಸು ವಿಮರ್ಶಕರು ಹಗುರಾಗಿ ಕಂಡಾರು ಎಂಬ ಲೆಕ್ಕಾಚಾರದಲ್ಲಿ ಮುಖಪುಟಕ್ಕೆ ಬಂದದ್ದು ಎಸ್. ಇ. ಹಿಂಟನ್ ಎಂಬ ಹೆಸರು.

ಕಥೆ ಎರಡು ಗುಂಪುಗಳ ನಡುವಿನದು. ತಲೆಗೆ ಎಣ್ಣೆ ಮೆತ್ತಿಕೊಂಡ ಬಡ ಹುಡುಗರು 'ಗ್ರೀಸರ್'ಗಳು. ನಗರದ ಪಶ್ಚಿಮದ ಸಿರಿವಂತ ಮಕ್ಕಳು 'ಸೋಶ್'ಗಳು. ಹದಿನಾಲ್ಕರ ಪೋನಿಬಾಯ್ ಕರ್ಟಿಸ್‌ಗೆ ಅಪ್ಪ ಅಮ್ಮ ಇಲ್ಲ, ಕಾರು ಅಪಘಾತದಲ್ಲಿ ತೀರಿಕೊಂಡಿದ್ದಾರೆ. ದೊಡ್ಡಣ್ಣ ಡ್ಯಾರಿ ಕಾಲೇಜಿನ ಆಸೆ ಬಿಟ್ಟು ದುಡಿದು ಮನೆ ನಡೆಸುತ್ತಾನೆ. ಪಾರ್ಕಿನ ಕಾರಂಜಿಯಲ್ಲಿ ಪೋನಿಬಾಯ್‌ನ ತಲೆ ಅದುಮಿ ಮುಳುಗಿಸುತ್ತಿದ್ದವರಲ್ಲಿ ಒಬ್ಬನನ್ನು ಗೆಳೆಯ ಜಾನಿ ಚೂರಿಯಿಂದ ಇರಿದು ಕೊಲ್ಲುತ್ತಾನೆ. ಇಬ್ಬರೂ ಹಳ್ಳಿಯ ಪಾಳುಬಿದ್ದ ಚರ್ಚಿನಲ್ಲಿ ಅಡಗಿಕೊಳ್ಳುತ್ತಾರೆ. ಮುಂದೆ ಆ ಚರ್ಚಿಗೆ ಬೆಂಕಿ ಬೀಳುತ್ತದೆ. ಒಳಗೆ ಸಿಕ್ಕಿಕೊಂಡ ಪುಟ್ಟ ಮಕ್ಕಳನ್ನು ಹೊರಗೆ ತರುವಾಗ ಪೆಟ್ಟಾಗಿ ಜಾನಿ ಸಾಯುತ್ತಾನೆ. ಕೊನೆಯ ಪುಟಕ್ಕೆ ಬಂದಾಗ ಗೊತ್ತಾಗುತ್ತದೆ, ನಪಾಸಾಗುವ ಹಂತಕ್ಕೆ ಬಂದ ಪೋನಿಬಾಯ್ ಇಂಗ್ಲಿಷ್ ಮೇಷ್ಟರಿಗೆ ಒಪ್ಪಿಸಬೇಕಾದ ಪ್ರಬಂಧವೇ ಈ ಪುಸ್ತಕ. ಶಾಲೆಯ ಅತಿ ಬೇಸರದ ಕೆಲಸವನ್ನು ಹಿಂಟನ್ ಶೋಕ ಹೇಳಿಕೊಳ್ಳುವ ದಾರಿ ಮಾಡಿದಳು. ಕಥೆಯ ಕೆಲವು ತಿರುವುಗಳು ನಾಟಕೀಯವಾಗಿವೆ, ಹುಡುಗರು ಒಂದಿಷ್ಟು ಹೆಚ್ಚೇ ಒಳ್ಳೆಯವರಾಗಿದ್ದಾರೆ ಎಂದು ಹಿರಿಯ ಓದುಗರಿಗೆ ಅನ್ನಿಸಬಹುದು. ಹದಿಮೂರರ ಓದುಗರು ಈ ದೂರನ್ನು ಎತ್ತಿದ್ದು ಕಡಿಮೆ.

ಪುಸ್ತಕಕ್ಕೆ ದೊಡ್ಡ ಬೇಡಿಕೆ ಬಂದದ್ದು ಶಾಲೆಗಳಿಂದ. ಕ್ಯಾಲಿಫೋರ್ನಿಯದ ಫ್ರೆಸ್ನೊ ಬಳಿಯ ಲೋನ್ ಸ್ಟಾರ್ ಶಾಲೆಯ ಗ್ರಂಥಪಾಲಕಿ ಮತ್ತು ಮಕ್ಕಳು ಸೇರಿ ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪೊಲಾಗೆ ಸಹಿ ಹಾಕಿದ ಕಾಗದ ಬರೆದು ಇದನ್ನು ಸಿನಿಮಾ ಮಾಡಿರೆಂದು ಕೇಳಿದರು. 1983ರಲ್ಲಿ ಚಿತ್ರ ತೆರೆಗೆ ಬಂತು. ಮಾರ್ಗರೆಟ್ ಎಡ್ವರ್ಡ್ಸ್ ಹೆಸರಿನ ಪ್ರಶಸ್ತಿ 1988ರಲ್ಲಿ ಆರಂಭವಾದಾಗ ಮೊದಲು ಪಡೆದವಳು ಹಿಂಟನ್. ಇದೇ ಕಥೆಯ ಸಂಗೀತ ನಾಟಕಕ್ಕೆ 2024ರಲ್ಲಿ ಟೋನಿ ಪ್ರಶಸ್ತಿ ಬಂತು.

ಸಮಸ್ಯಾ ಕಾದಂಬರಿಯ ದಶಕ

1967ರಲ್ಲೇ ರಾಬರ್ಟ್ ಲಿಪ್ಸೈಟ್‌ನ 'ದಿ ಕಂಟೆಂಡರ್', ಮರುವರ್ಷ ಪಾಲ್ ಝಿಂಡೆಲ್‌ನ 'ದಿ ಪಿಗ್‌ಮ್ಯಾನ್' ಬಂದವು. ಆ ಬಳಿಕ ಬಾಗಿಲು ತೆರೆದಂತಾಯಿತು. ವಿಚ್ಛೇದನ, ಗರ್ಭ, ಕುಡಿತ, ಹೆರಾಯಿನ್, ಮನೆ ಬಿಟ್ಟು ಓಡುವುದು, ಒಂದೊಂದು ಪುಸ್ತಕಕ್ಕೆ ಒಂದೊಂದು ವಿಷಯ. ವಿಮರ್ಶಕರು ಇವಕ್ಕೆ ಸಮಸ್ಯಾ ಕಾದಂಬರಿ ಎಂಬ ಹೆಸರು ಅಂಟಿಸಿದರು, ಮೆಚ್ಚಿ ಅಲ್ಲ. ಸಮಸ್ಯೆ ಮೊದಲು ಆರಿಸಿ ಆಮೇಲೆ ಅದಕ್ಕೊಬ್ಬ ಹುಡುಗನನ್ನು ಹೊಂದಿಸುವ ಪದ್ಧತಿಯಿಂದ ಪಾತ್ರಗಳು ಬಡವಾದವು ಎಂಬುದು ಆಕ್ಷೇಪಣೆ. ಬಹುಪಾಲು ಪುಸ್ತಕಗಳ ಮಟ್ಟಿಗೆ ಅದು ನಿಜ.

ಈ ಕಾಲದ ಅತಿ ಪ್ರಸಿದ್ಧ ಪುಸ್ತಕದ ಹಿಂದೆ ಒಂದು ಮೋಸವೂ ಇದೆ. 'ಗೋ ಆಸ್ಕ್ ಆಲಿಸ್' (1971) ಮಾದಕ ದ್ರವ್ಯಕ್ಕೆ ಬಲಿಯಾದ ಹುಡುಗಿಯೊಬ್ಬಳ ನಿಜವಾದ ದಿನಚರಿ ಎಂದು, ಲೇಖಕರ ಹೆಸರಿಲ್ಲದೆ ಮಾರಾಟವಾಯಿತು. ಅದರ ಹಿಂದಿದ್ದವರು ಬೀಟ್ರಿಸ್ ಸ್ಪಾರ್ಕ್ಸ್ ಎಂಬ ನಡುವಯಸ್ಸಿನ ಲೇಖಕಿ ಎಂಬುದು ಆಮೇಲೆ ಹೊರಬಿತ್ತು. ಅದನ್ನೀಗ ಕಲ್ಪಿತ ಕಥೆಯೆಂದೇ ಪರಿಗಣಿಸಲಾಗುತ್ತದೆ. ಗುಟ್ಟಿನ ದಿನಚರಿಯನ್ನು ಕದ್ದು ಓದುತ್ತಿದ್ದೇವೆ ಎಂಬ ಭಾವನೆಯೇ ಅದರ ಬಂಡವಾಳ. ಇದರ ಪಕ್ಕದಲ್ಲಿಟ್ಟು ಓದಬೇಕಾದ್ದು ಆಲಿಸ್ ಚೈಲ್ಡ್ರೆಸ್ ಬರೆದ ಹಾರ್ಲೆಮ್ ಕೇರಿಯ ಕಥೆ 'ಎ ಹೀರೊ ಏಂಟ್ ನಥಿಂಗ್ ಬಟ್ ಎ ಸ್ಯಾಂಡ್‌ವಿಚ್' (1973). ಹದಿಮೂರರ ಬೆಂಜಿಗೆ ಹೆರಾಯಿನ್ ಚಟ. ಅವನು, ಅವನ ತಾಯಿ, ಮಲತಂದೆಯ ಸ್ಥಾನದಲ್ಲಿರುವವನು, ಮೇಷ್ಟರು ಸರದಿಯಲ್ಲಿ ಮಾತಾಡುತ್ತಾರೆ, ಒಬ್ಬರ ಮಾತು ಇನ್ನೊಬ್ಬರ ಮಾತಿಗೆ ಕೂಡುವುದಿಲ್ಲ. ಚಟ ತನ್ನ ಹತೋಟಿಯಲ್ಲಿದೆ ಎಂದು ಬೆಂಜಿ ಹೇಳಿಕೊಳ್ಳುವುದನ್ನು ಉಳಿದವರ ಮಾತು ಸುಳ್ಳು ಮಾಡುತ್ತಾ ಹೋಗುತ್ತದೆ.

ರಾಬರ್ಟ್ ಕಾರ್ಮಿಯರ್‌ನ 'ದಿ ಚಾಕಲೇಟ್ ವಾರ್' (1974) ಈ ಗುಂಪಿನಲ್ಲಿ ಒಂಟಿಯಾಗಿ ನಿಲ್ಲುತ್ತದೆ. ಪತ್ರಕರ್ತ ಕಾರ್ಮಿಯರ್‌ನ ಮಗ ಶಾಲೆಯ ನಿಧಿಸಂಗ್ರಹಕ್ಕಾಗಿ ಚಾಕಲೇಟು ಮಾರಲು ಒಲ್ಲೆನೆಂದು ಪೊಟ್ಟಣಗಳನ್ನು ವಾಪಸು ಕೊಟ್ಟಿದ್ದ, ಏನೂ ಆಗಲಿಲ್ಲ. ಏನಾದರೂ ಆಗಿದ್ದರೆ ಎಂಬ ಯೋಚನೆಯಿಂದ ಕಾದಂಬರಿ ಹುಟ್ಟಿತು. ಕ್ಯಾಥೊಲಿಕ್ ಶಾಲೆಯೊಂದರಲ್ಲಿ ಇಪ್ಪತ್ತು ಸಾವಿರ ಪೊಟ್ಟಣ ಚಾಕಲೇಟು ಮಾರಬೇಕಾಗಿದೆ. ತಾಯಿಯನ್ನು ಕಳೆದುಕೊಂಡ ಜೆರಿ ರೆನೊ ಎಂಬ ಹೊಸ ಹುಡುಗನಿಗೆ ಹತ್ತು ದಿನ ಬೇಡವೆನ್ನಬೇಕೆಂದು ಶಾಲೆಯ ಗುಪ್ತ ಕೂಟ ಆಜ್ಞೆ ಮಾಡುತ್ತದೆ. ಹನ್ನೊಂದನೆಯ ದಿನವೂ ಅವನು ಬೇಡವೆನ್ನುತ್ತಾನೆ, ಈ ಸಲ ಯಾರ ಆಜ್ಞೆಯೂ ಇಲ್ಲದೆ. ಯಾಕೆಂದು ಅವನಿಗೇ ಸರಿಯಾಗಿ ಗೊತ್ತಿಲ್ಲ. ಕೂಟವೂ ಅದರ ಬೆನ್ನಿಗಿರುವ ಗುರುವೂ ಸೇರಿ ಅವನನ್ನು ಮುರಿಯುತ್ತಾರೆ. ಕೊನೆಗೆ ಎದುರಿಸಬಾರದಿತ್ತು ಎಂಬ ತೀರ್ಮಾನಕ್ಕೆ ಹುಡುಗ ಬರುತ್ತಾನೆ. ಹಲವು ಪ್ರಕಾಶಕರು ಈ ಅಂತ್ಯ ಬದಲಿಸಲು ಕೇಳಿದರು, ಕಾರ್ಮಿಯರ್ ಒಪ್ಪಲಿಲ್ಲ. ಎಳೆಯರ ಪುಸ್ತಕ ಭರವಸೆಯಲ್ಲೇ ಮುಗಿಯಬೇಕೆಂಬ ಅಲಿಖಿತ ನಿಯಮ ಮುರಿದದ್ದು ಇಲ್ಲಿ. ಇಡೀ ಪುಸ್ತಕದಲ್ಲಿ ಜೆರಿ ಮನಸ್ಸು ಬಿಚ್ಚಿ ಮಾತಾಡಲು ಒಬ್ಬರೂ ಸಿಗುವುದಿಲ್ಲ. ಹಾಗಾಗಿ ಕಥೆಯನ್ನು ಅನ್ಯಪುರುಷದಲ್ಲಿ, ಹಲವರ ಕಣ್ಣಿನಿಂದ ಬರೆದದ್ದು ಸರಿಯಾಗಿಯೇ ಇದೆ.

1999ರ ಮೂರು ಪುಸ್ತಕಗಳು

ಎಂಬತ್ತರ ದಶಕದಲ್ಲಿ ಸರಣಿ ಪ್ರೇಮಕಥೆಗಳೂ ಭಯಾನಕ ಕಥೆಗಳೂ ಅಂಗಡಿ ತುಂಬಿದವು. ಧಾರೆಗೆ ಮತ್ತೆ ಜೀವ ಬಂದದ್ದು ಶತಮಾನದ ಕೊನೆಯಲ್ಲಿ, ಒಂದೇ ವರ್ಷದಲ್ಲಿ ಬಂದ ಮೂರು ಕಾದಂಬರಿಗಳಿಂದ.

ಲಾರಿ ಹಾಲ್ಸ್ ಆಂಡರ್ಸನ್‌ರ 'ಸ್ಪೀಕ್'ನಲ್ಲಿ ಮೆಲಿಂಡ ಹೈಸ್ಕೂಲಿಗೆ ಕಾಲಿಡುವ ಹೊತ್ತಿಗೆ ಎಲ್ಲರ ದ್ವೇಷಕ್ಕೆ ಗುರಿಯಾಗಿದ್ದಾಳೆ. ಬೇಸಗೆಯ ಪಾರ್ಟಿಯೊಂದಕ್ಕೆ ಪೊಲೀಸರನ್ನು ಕರೆದವಳು ಅವಳು. ಕರೆದದ್ದೇಕೆಂದು ಯಾರೂ ಕೇಳಲಿಲ್ಲ. ಅವಳ ಮೇಲೆ ಅತ್ಯಾಚಾರ ನಡೆದಿತ್ತು. ದಿನದಿಂದ ದಿನಕ್ಕೆ ಅವಳ ಮಾತು ಕಡಿಮೆಯಾಗುತ್ತದೆ, ಆದರೆ ಒಳಗೆ ನಡೆಯುವ ಮಾತು ಚುರುಕು, ವ್ಯಂಗ್ಯ, ನಗು ಬರಿಸುವಂಥದು. ಬಾಯಿ ಮುಚ್ಚಿದ ಹುಡುಗಿ ಓದುಗರೊಬ್ಬರ ಜೊತೆ ಮಾತ್ರ ಮಾತಾಡುತ್ತಾಳೆ. ಜವಾನರು ಬಿಟ್ಟುಹೋದ ಕಸಬರಿಕೆ ಕೋಣೆಯೊಂದು ಅವಳ ಅಡಗುತಾಣ. ಅಲ್ಲಿದ್ದ ಕನ್ನಡಿಗೆ ಮಾಯಾ ಏಂಜೆಲೊ ಚಿತ್ರದ ಪೋಸ್ಟರು ಅಂಟಿಸಿ ಮುಚ್ಚುತ್ತಾಳೆ. ಚಿತ್ರಕಲೆಯ ಮೇಷ್ಟರು ವರ್ಷಪೂರ್ತಿ ಒಂದೇ ವಸ್ತು ಬರೆಯಬೇಕೆಂದು ಚೀಟಿ ಎತ್ತಿಸಿದಾಗ ಅವಳಿಗೆ ಬರುವುದು ಮರ. ಸಲೀಸು ಎಂದುಕೊಂಡದ್ದು ಆಗುವುದೇ ಇಲ್ಲ, ಮರ ಮತ್ತೆ ಮತ್ತೆ ಕೆಡುತ್ತದೆ. ಲೇಖಕಿ ಮನೋವೈದ್ಯರನ್ನು ಕರೆತರದೆ, ಉಪದೇಶ ಮಾಡಿಸದೆ, ಕೆಟ್ಟುಹೋದ ಚಿತ್ರಗಳ ಸರಣಿಯಲ್ಲೇ ಗಾಯದ ಸ್ಥಿತಿ ತೋರಿಸುತ್ತಾರೆ. ಈ ಧಾರೆಯ ಅತಿ ಹದವಾದ ಬರವಣಿಗೆ ಇದು.

ಸ್ಟೀಫನ್ ಚಬಾಸ್ಕಿಯ 'ದಿ ಪರ್ಕ್ಸ್ ಆಫ್ ಬೀಯಿಂಗ್ ಎ ವಾಲ್‌ಫ್ಲವರ್' ಪತ್ರಗಳ ರೂಪದಲ್ಲಿದೆ. ಪಿಟ್ಸ್‌ಬರ್ಗ್ ಹತ್ತಿರದ ಚಾರ್ಲಿ 1991ರ ಆಗಸ್ಟಿನಿಂದ ಒಂದು ವರ್ಷ ತಾನು ಹೆಸರು ಹೇಳದ ಗೆಳೆಯನಿಗೆ ಬರೆಯುತ್ತಾನೆ. ಗೆಳೆಯ ಯಾರೆಂದು ಕೊನೆಗೂ ತಿಳಿಯುವುದಿಲ್ಲ, ಉತ್ತರವೂ ಬರುವುದಿಲ್ಲ. ಅತಿ ಪ್ರೀತಿಯ ಚಿಕ್ಕಮ್ಮನ ನೆನಪು ಪತ್ರಗಳಲ್ಲಿ ಮರಳಿ ಮರಳಿ ಬಂದು, ಆ ಪ್ರೀತಿಯೊಳಗೇ ದೌರ್ಜನ್ಯವಿತ್ತೆಂಬುದು ಕೊನೆಯಲ್ಲಿ ಅವನಿಗೇ ನೆನಪಾಗುತ್ತದೆ. ಕೆಲವು ಕಡೆ ಚಾರ್ಲಿಯ ಮುಗ್ಧತೆ ಹದಿನೈದರ ಹುಡುಗನಿಗೆ ಮೀರಿದ್ದು ಎನಿಸಿದರೂ ಪುಸ್ತಕ ತಲೆಮಾರೊಂದರ ಕೈಪಿಡಿಯಾಯಿತು. 2012ರಲ್ಲಿ ಲೇಖಕನೇ ಅದನ್ನು ಚಿತ್ರವಾಗಿ ನಿರ್ದೇಶಿಸಿದ.

ವಾಲ್ಟರ್ ಡೀನ್ ಮೈಯರ್ಸ್‌ನ 'ಮಾನ್ಸ್ಟರ್'ನಲ್ಲಿ ಹಾರ್ಲೆಮ್‌ನ ಹದಿನಾರರ ಕಪ್ಪು ಹುಡುಗ ಸ್ಟೀವ್ ಹಾರ್ಮನ್ ಕೊಲೆ ಮೊಕದ್ದಮೆಯ ಕಟಕಟೆಯಲ್ಲಿದ್ದಾನೆ. ಅಂಗಡಿ ದರೋಡೆಗೆ ಮುಂಚೆ ಒಳಹೊಕ್ಕು ಪೊಲೀಸರಿಲ್ಲವೆಂದು ನೋಡಿ ಬಂದ ಆರೋಪ ಅವನ ಮೇಲಿದೆ. ಶಾಲೆಯ ಸಿನಿಮಾ ಕೂಟದ ಈ ಹುಡುಗ ತನ್ನ ವಿಚಾರಣೆಯನ್ನೇ ಚಿತ್ರಕಥೆಯಾಗಿ ಬರೆಯುತ್ತಾನೆ. ನಡುನಡುವೆ ಜೈಲಿನ ಟಿಪ್ಪಣಿಗಳಿವೆ. ಕ್ಯಾಮೆರಾ ಎಲ್ಲಿರಬೇಕೆಂದು ಅವನು ಸೂಚಿಸುವಷ್ಟು ಹೊತ್ತು ತಾನೇ ಆರೋಪಿ ಎಂಬುದು ಒಂದಿಷ್ಟು ದೂರ ಸರಿಯುತ್ತದೆ. ನಿರ್ದೋಷಿಯೆಂದು ತೀರ್ಪು ಬಂದಾಗ ಅವನು ತೋಳು ಚಾಚುತ್ತಾನೆ. ಅವನ ಪರ ವಾದಿಸಿದ ವಕೀಲೆ ಮೈ ಬಿಗಿದುಕೊಂಡು ಬೇರೆ ಕಡೆ ತಿರುಗುತ್ತಾಳೆ. ಅವನು ನಿಜಕ್ಕೂ ಏನು ಮಾಡಿದ್ದ ಎಂಬುದನ್ನು ಮೈಯರ್ಸ್ ಬಿಡಿಸುವುದಿಲ್ಲ. 2000ದಲ್ಲಿ ಆರಂಭವಾದ ಮೈಕಲ್ ಪ್ರಿಂಟ್ಸ್ ಪ್ರಶಸ್ತಿ ಮೊದಲು ಸಂದದ್ದು ಇದಕ್ಕೆ. 'ಸ್ಪೀಕ್' ಅದೇ ವರ್ಷ ಗೌರವ ಪುಸ್ತಕಗಳ ಪಟ್ಟಿಯಲ್ಲಿತ್ತು.

ಮುಂದಿನ ವರ್ಷಗಳಲ್ಲಿ ರೂಪದ ಪ್ರಯೋಗ ಇನ್ನೂ ಬಿಡುಬೀಸಾಯಿತು. ಎಲೆನ್ ಹಾಪ್ಕಿನ್ಸ್ 'ಕ್ರ್ಯಾಂಕ್' (2004) ಕಾದಂಬರಿಯನ್ನು ಮಗಳ ಮಾದಕ ವ್ಯಸನದ ಅನುಭವದಿಂದ ಪದ್ಯದಲ್ಲಿ ಬರೆದರು. ಶರ್ಮನ್ ಅಲೆಕ್ಸಿ 2007ರಲ್ಲಿ ಮೂಲನಿವಾಸಿಗಳ ಮೀಸಲು ಪ್ರದೇಶದಿಂದ ಬಿಳಿಯರ ಶಾಲೆಗೆ ಹೋಗುವ ಹುಡುಗನ ಕಥೆಗೆ ವ್ಯಂಗ್ಯಚಿತ್ರಗಳನ್ನು ಬೆರೆಸಿದ. ಜೇಸನ್ ರೆನಾಲ್ಡ್ಸ್‌ನ 'ಲಾಂಗ್ ವೇ ಡೌನ್' (2017) ಬಹುಪಾಲು ನಡೆಯುವುದು ಲಿಫ್ಟಿನಲ್ಲಿ, ಸುಮಾರು ಅರವತ್ತು ಸೆಕೆಂಡುಗಳಲ್ಲಿ. ಅಣ್ಣನನ್ನು ಕೊಂದವನಿಗೆ ಗುಂಡು ಹೊಡೆಯಲು ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡು ಎಂಟನೆಯ ಮಹಡಿಯಿಂದ ಇಳಿಯುವ ಹದಿನೈದರ ವಿಲ್‌ಗೆ ಒಂದೊಂದು ಮಹಡಿಯಲ್ಲೂ ಗುಂಡೇಟಿಗೆ ಸತ್ತವರೊಬ್ಬರು ಜೊತೆಯಾಗುತ್ತಾರೆ. ಅಳಬಾರದು, ಸುಳಿವು ಕೊಡಬಾರದು, ಸೇಡು ತೀರಿಸಬೇಕು ಎಂಬುದು ಅವನ ಕೇರಿಯ ಮೂರು ಕಟ್ಟಳೆ. ಬದುಕಿರುವವರ ಹತ್ತಿರ ಹೇಳಿಕೊಳ್ಳಲಾಗದ ಹುಡುಗನಿಗೆ ರೆನಾಲ್ಡ್ಸ್ ಸತ್ತವರನ್ನೇ ಕೇಳುಗರನ್ನಾಗಿ ತಂದು ನಿಲ್ಲಿಸಿದ್ದಾನೆ. ಅದೇ ವರ್ಷದ ಆಂಜಿ ಥಾಮಸ್‌ಳ 'ದ ಹೇಟ್ ಯು ಗಿವ್' ಪೊಲೀಸನ ಗುಂಡಿಗೆ ಗೆಳೆಯ ಸತ್ತದ್ದನ್ನು ಕಣ್ಣಾರೆ ಕಂಡ ಸ್ಟಾರ್ ಸಾಕ್ಷಿ ಹೇಳಬೇಕೇ ಬೇಡವೇ ಎಂಬ ಸಂಕಟದ ಕಥೆ.

ದೊಡ್ಡವರ ಪಾತ್ರ

ಈ ಕಾದಂಬರಿಗಳಲ್ಲಿ ತಂದೆತಾಯಿ ಬಹುತೇಕ ಮರೆಯಲ್ಲಿರುತ್ತಾರೆ. ತೀರಿಕೊಂಡಿರುತ್ತಾರೆ, ಬೇರೆಯಾಗಿರುತ್ತಾರೆ, ಇಲ್ಲವೇ 'ಸ್ಪೀಕ್'ನಲ್ಲಿರುವಂತೆ ಮಗಳಿಗೆ ಅಡುಗೆಮನೆಯಲ್ಲಿ ಚೀಟಿ ಬರೆದಿಟ್ಟು ಕೆಲಸಕ್ಕೆ ಹೋಗುತ್ತಾರೆ. ಕಥೆ ನಡೆಯಬೇಕಾದರೆ ಇದು ಬೇಕು. ಮೊದಲ ಅಧ್ಯಾಯದಲ್ಲೇ ಅಮ್ಮ ಎಲ್ಲ ಕೇಳಿ ತಿಳಿದುಕೊಂಡರೆ ಕಾದಂಬರಿಯೇ ಇಲ್ಲ. ಅವರ ಜಾಗಕ್ಕೆ ಸಾಮಾನ್ಯವಾಗಿ ಬರುವವರು ಮೇಷ್ಟರು. ಚಾರ್ಲಿಗೆ ಒಂದೊಂದೇ ಪುಸ್ತಕ ಕೊಡುವ ಬಿಲ್, ಮೆಲಿಂಡಳ ಚಿತ್ರಕಲೆಯ ಮೇಷ್ಟರು, ಪೋನಿಬಾಯ್‌ಗೆ ಇನ್ನೊಂದು ಅವಕಾಶ ಕೊಡುವ ಮೇಷ್ಟರು ಆ ಸಾಲಿನವರು. ಸಾಲಿಂಜರ್ ಇಲ್ಲಿಯೂ ಎಚ್ಚರ ತಪ್ಪಲಿಲ್ಲ. ನಡುರಾತ್ರಿ ಆಶ್ರಯ ಕೊಟ್ಟ ಹಳೆಯ ಮೇಷ್ಟರು ತಲೆ ನೇವರಿಸುತ್ತಿರುವುದು ಗೊತ್ತಾಗಿ ಹೋಲ್ಡನ್ ಗಾಬರಿಬಿದ್ದು ಓಡುತ್ತಾನೆ. ಅದು ವಾತ್ಸಲ್ಯವೇ ಬೇರೇನಾದರೂ ಆಗಿತ್ತೇ ಎಂಬುದು ಅವನಿಗೂ ಓದುಗನಿಗೂ ಬಗೆಹರಿಯುವುದಿಲ್ಲ.

ಆತ್ಮಹತ್ಯೆಯ ಕಥೆಗಳ ವಿವಾದ

ಜೇ ಆಶರ್‌ನ 'ಥರ್ಟೀನ್ ರೀಸನ್ಸ್ ವೈ' (2007) ಈ ಧಾರೆಯ ಮೇಲಿನ ಚರ್ಚೆಯನ್ನು ಸಾಹಿತ್ಯದಿಂದ ಆರೋಗ್ಯದ ಕಡೆಗೆ ತಿರುಗಿಸಿತು. ಹ್ಯಾನ ಬೇಕರ್ ಎಂಬ ಹುಡುಗಿ ಆತ್ಮಹತ್ಯೆಗೆ ಮುಂಚೆ ಧ್ವನಿಮುದ್ರಿಸಿದ ಕ್ಯಾಸೆಟ್ಟುಗಳು ಸಹಪಾಠಿ ಕ್ಲೇಯ ಮನೆಬಾಗಿಲಿಗೆ ಬರುತ್ತವೆ. ಒಂದೊಂದು ಮುಖದಲ್ಲಿ ಒಬ್ಬೊಬ್ಬರು ತನಗೇನು ಮಾಡಿದರೆಂಬ ಆರೋಪ. ನಿರೂಪಣೆಯ ತಂತ್ರವಾಗಿ ಇದು ಗಟ್ಟಿ, ಪುಸ್ತಕ ಕೆಳಗಿಡಲು ಬಿಡುವುದಿಲ್ಲ. ತೊಂದರೆಯಿರುವುದೂ ಅಲ್ಲೇ. ಬದುಕಿದ್ದಾಗ ಯಾರೂ ಕೇಳದ ಹುಡುಗಿಯ ಮಾತನ್ನು ಸತ್ತ ಮೇಲೆ ಎಲ್ಲರೂ ಕೇಳಬೇಕಾಗುತ್ತದೆ, ಸಾವು ಒಂದು ಬಗೆಯ ಗೆಲುವಾಗಿ ಕಾಣುತ್ತದೆ. ಸಾವಿಗೆ ಹದಿಮೂರು ಕಾರಣಗಳನ್ನು ಎಣಿಸಿಕೊಡುವ ಈ ಕಥೆಯಲ್ಲಿ ಖಿನ್ನತೆ ಎಂಬ ಕಾಯಿಲೆಗೆ ಹೆಚ್ಚು ಜಾಗವಿಲ್ಲ. 2017ರ ಮಾರ್ಚ್ ಕೊನೆಗೆ ನೆಟ್‌ಫ್ಲಿಕ್ಸ್ ಸರಣಿ ಬಂದಾಗ ಮನೋವೈದ್ಯರೂ ಶಾಲೆಗಳೂ ಎಚ್ಚರಿಕೆ ಕೊಟ್ಟವು. ಸರಣಿ ಬಂದ ಮರುತಿಂಗಳು ಅಮೆರಿಕದಲ್ಲಿ 10ರಿಂದ 17ರ ವಯಸ್ಸಿನವರ ಆತ್ಮಹತ್ಯೆಗಳು ಹೆಚ್ಚಿದವೆಂದು 2019ರ ಅಧ್ಯಯನವೊಂದು ಹೇಳಿತು. ಆ ಲೆಕ್ಕಾಚಾರವನ್ನು ಬೇರೆ ಸಂಶೋಧಕರು ಪ್ರಶ್ನಿಸಿದರು. ಅದೇ ವರ್ಷ ಜುಲೈನಲ್ಲಿ ನೆಟ್‌ಫ್ಲಿಕ್ಸ್ ಸರಣಿಯಿಂದ ಆತ್ಮಹತ್ಯೆಯ ದೃಶ್ಯವನ್ನು ತೆಗೆದುಹಾಕಿತು.

ಇದಕ್ಕೆ ಎದುರಾಗಿ ಓದಬಹುದಾದದ್ದು ನೆಡ್ ವಿಝಿನಿಯ 'ಇಟ್ಸ್ ಕೈಂಡ್ ಆಫ್ ಎ ಫನಿ ಸ್ಟೋರಿ' (2006). ಸಾಯುವ ಯೋಚನೆ ಬಂದ ಹುಡುಗ ಸಹಾಯವಾಣಿಗೆ ಕರೆ ಮಾಡಿ, ಬ್ರೂಕ್ಲಿನ್ನಿನ ಆಸ್ಪತ್ರೆಗೆ ತಾನೇ ನಡೆದು ಹೋಗುತ್ತಾನೆ. ಉಳಿದದ್ದೆಲ್ಲ ಮನೋರೋಗ ವಾರ್ಡಿನಲ್ಲಿ ಕಳೆದ ಕೆಲವು ದಿನಗಳು: ಔಷಧಿ, ಊಟದ ಸಾಲು, ವಿಚಿತ್ರ ಸಂಗಾತಿಗಳು. ಲೇಖಕ ಸ್ವತಃ ಅಂಥ ವಾರ್ಡಿನಲ್ಲಿದ್ದು ಬಂದವನು. ಸಹಾಯ ಕೇಳುವುದು ಹೇಗೆ, ಕೇಳಿದ ಮೇಲೆ ಏನಾಗುತ್ತದೆ ಎಂಬ ಮಾಹಿತಿ ಕಥೆಯೊಳಗೇ ಬೆರೆತಿದೆ.

ನಿಷೇಧ, ನ್ಯಾಯಾಲಯ

ಗ್ರಂಥಾಲಯಗಳಿಂದ ತೆಗೆಸಬೇಕೆಂದು ದೂರು ಬರುವ ಪುಸ್ತಕಗಳ ಪಟ್ಟಿಯಲ್ಲಿ ಈ ಧಾರೆಯವು ಮುಂದೆಯೇ ಇರುತ್ತವೆ. ಹಿಂಟನ್‌ಳ ಊರಾದ ಟಲ್ಸಾದಲ್ಲೇ 1960ರಲ್ಲಿ ಸಾಲಿಂಜರನ ಪುಸ್ತಕವನ್ನು ಪಾಠಕ್ಕಿಟ್ಟ ಶಿಕ್ಷಕಿಯೊಬ್ಬರ ಕೆಲಸ ಹೋಯಿತು. ಮೇಲ್ಮನವಿಯ ನಂತರ ಕೆಲಸ ಮರಳಿ ಸಿಕ್ಕಿತು, ಪುಸ್ತಕ ಮಾತ್ರ ಮರಳಲಿಲ್ಲ. 1976ರಲ್ಲಿ ನ್ಯೂಯಾರ್ಕ್ ರಾಜ್ಯದ ಐಲೆಂಡ್ ಟ್ರೀಸ್ ಶಾಲಾ ಮಂಡಳಿ ತೆಗೆದುಹಾಕಿಸಿದ ಪುಸ್ತಕಗಳಲ್ಲಿ 'ಗೋ ಆಸ್ಕ್ ಆಲಿಸ್', ಬೆಂಜಿಯ ಕಥೆ ಎರಡೂ ಇದ್ದವು. ಸ್ಟೀವನ್ ಪಿಕೊ ಮತ್ತಿತರ ವಿದ್ಯಾರ್ಥಿಗಳು ದಾವೆ ಹೂಡಿದರು. ಅದರಲ್ಲಿರುವ ವಿಚಾರ ಹಿಡಿಸಲಿಲ್ಲವೆಂಬ ಒಂದೇ ಕಾರಣಕ್ಕೆ ಶಾಲೆಯ ಗ್ರಂಥಾಲಯದಿಂದ ಪುಸ್ತಕ ತೆಗೆಯುವಂತಿಲ್ಲ ಎಂಬುದು ಮುಖ್ಯ ಅಭಿಪ್ರಾಯವಾಗಿ, 1982ರಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕು ಮತಗಳಿಂದ ಮಕ್ಕಳ ಪರ ತೀರ್ಪು ಕೊಟ್ಟಿತು. ಆದರೆ ಐವರೂ ಒಂದೇ ಅಭಿಪ್ರಾಯಕ್ಕೆ ಸಹಿ ಹಾಕದ್ದರಿಂದ ತೀರ್ಪಿನ ವ್ಯಾಪ್ತಿಯ ಬಗ್ಗೆ ತಕರಾರು ಇಂದಿಗೂ ಇದೆ. 2010ರಿಂದ 2019ರ ದಶಕದಲ್ಲಿ ಅತಿ ಹೆಚ್ಚು ಆಕ್ಷೇಪಣೆ ಎದುರಿಸಿದ ಪುಸ್ತಕ ಶರ್ಮನ್ ಅಲೆಕ್ಸಿಯದು.

2011ರ ಜೂನ್‌ನಲ್ಲಿ 'ವಾಲ್ ಸ್ಟ್ರೀಟ್ ಜರ್ನಲ್' ಪತ್ರಿಕೆಯಲ್ಲಿ ಮೇಗನ್ ಕಾಕ್ಸ್ ಗರ್ಡನ್, ಕಿಶೋರ ಕಾದಂಬರಿಗಳಲ್ಲಿ ಕತ್ತಲೆ ವಿಪರೀತವಾಗಿದೆ ಎಂದು ಬರೆದಾಗ ಲೇಖಕರೂ ಓದುಗರೂ ದೊಡ್ಡ ಸಂಖ್ಯೆಯಲ್ಲಿ ಉತ್ತರಿಸಿದರು. ಇಂಥ ಪುಸ್ತಕವೇ ತಮ್ಮನ್ನು ಉಳಿಸಿತೆಂದು ಹೇಳಿದವರು ಹಲವರು. ಆಂಡರ್ಸನ್‌ರಿಗೆ 'ಸ್ಪೀಕ್' ಓದಿದ ಮಕ್ಕಳಿಂದ ಬರುವ ಕಾಗದಗಳಲ್ಲಿ ತಮ್ಮ ಮೇಲಾದದ್ದನ್ನು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದವುಗಳೂ ಇವೆ. ಇನ್ನೊಂದು ಸಂಗತಿ ಈ ಜಗಳದಲ್ಲಿ ಮರೆತುಹೋಗುತ್ತದೆ: 2012ರ ಸಮೀಕ್ಷೆಯ ಪ್ರಕಾರ 12ರಿಂದ 17ರವರಿಗೆಂದು ಪ್ರಕಟವಾಗುವ ಪುಸ್ತಕ ಕೊಳ್ಳುವವರಲ್ಲಿ ಶೇ. 55ರಷ್ಟು ಮಂದಿ 18 ದಾಟಿದವರು.

ಅಮೆರಿಕದ ಹೊರಗೆ

ಬ್ರಿಟನ್ನಿನಲ್ಲಿ ಮೆಲ್ವಿನ್ ಬರ್ಜೆಸ್‌ನ 'ಜಂಕ್' (1996) ಬ್ರಿಸ್ಟಲ್ ನಗರದ ಹೆರಾಯಿನ್ ಹುಡುಗರ ಕಥೆಯನ್ನು ಹಲವು ದನಿಗಳಲ್ಲಿ ಹೇಳಿ ಕಾರ್ನೆಗೀ ಪದಕ ಪಡೆಯಿತು. ಪ್ಯಾಟ್ರಿಕ್ ನೆಸ್ 'ಎ ಮಾನ್ಸ್ಟರ್ ಕಾಲ್ಸ್' (2011) ಬರೆದದ್ದು ಕ್ಯಾನ್ಸರಿನಿಂದ ತೀರಿಕೊಂಡ ಲೇಖಕಿ ಶಿವಾನ್ ಡೌಡ್ ಬಿಟ್ಟುಹೋದ ಹೊಳಹಿನಿಂದ. ತಾಯಿ ಸಾಯುತ್ತಿರುವ ಹುಡುಗನಿಗೆ ರಾತ್ರಿ ಬರುವ ರಾಕ್ಷಸ ಕಥೆ ಹೇಳಿ, ಕೊನೆಗೆ ಅವನಿಂದಲೇ ಒಂದು ಕಥೆ, ಅಂದರೆ ಅವನು ಒಪ್ಪಿಕೊಳ್ಳಲಾರದ ನಿಜವನ್ನು, ಹೇಳಿಸುತ್ತದೆ. ಜರ್ಮನಿಯ ವೋಲ್ಫ್‌ಗಾಂಗ್ ಹೆರ್ನ್‌ಡಾರ್ಫ್‌ನ 'ಚಿಕ್' (2010) ಕದ್ದ ಕಾರಿನಲ್ಲಿ ಊರು ಬಿಡುವ ಇಬ್ಬರು ಹದಿನಾಲ್ಕರ ಹುಡುಗರದು. ಈ ಧಾರೆಯಲ್ಲಿ ಮನಸಾರೆ ನಗಿಸುವ ಪುಸ್ತಕಗಳು ಬೆರಳೆಣಿಕೆಯಷ್ಟು, ಇದು ಅವುಗಳಲ್ಲೊಂದು.

ಭಾರತದಲ್ಲಿ ಈ ಬಗೆಯ ಬರವಣಿಗೆ ಹೆಚ್ಚಾಗಿ ಇಂಗ್ಲಿಷಿನಲ್ಲಿ ಬೆಳೆದಿದೆ. ಪಾರೊ ಆನಂದ್‌ರ 'ನೋ ಗನ್ಸ್ ಅಟ್ ಮೈ ಸನ್ಸ್ ಫ್ಯೂನರಲ್' (2005) ಕಾಶ್ಮೀರದ ಉಗ್ರರ ಬಲೆಗೆ ಬೀಳುವ ಹುಡುಗನ ಕಥೆ. ಹಿಮಾಂಜಲಿ ಶಂಕರ್ ಬರೆದ 'ಟಾಕಿಂಗ್ ಆಫ್ ಮುಸ್ಕಾನ್' (2014) ಆತ್ಮಹತ್ಯೆಗೆ ಯತ್ನಿಸಿ ಆಸ್ಪತ್ರೆಯಲ್ಲಿರುವ ಸಲಿಂಗಾಸಕ್ತ ಹುಡುಗಿಯೊಬ್ಬಳನ್ನು ಮೂವರು ಸಹಪಾಠಿಗಳ ಮಾತಿನಲ್ಲಿ ಕಟ್ಟುತ್ತದೆ. ಮುಸ್ಕಾನ್ ಸ್ವತಃ ಮಾತಾಡುವುದಿಲ್ಲ.

ಕನ್ನಡದಲ್ಲಿ ಮಕ್ಕಳ ಸಾಹಿತ್ಯ ಮುಗಿದೊಡನೆ ಓದುಗ ನೇರವಾಗಿ ದೊಡ್ಡವರ ಕಾದಂಬರಿಗೆ, ಹೆಚ್ಚಿನ ಸಲ ತೇಜಸ್ವಿಯವರ ಪುಸ್ತಕಗಳಿಗೆ, ದಾಟುತ್ತಾನೆ. ನಡುವೆ ಪ್ರತ್ಯೇಕ ವಿಭಾಗ ಗಟ್ಟಿಯಾಗಿ ಬೆಳೆದಿಲ್ಲ. ತೊಳಲುವ ಹುಡುಗರು ಇಲ್ಲವೆಂದಲ್ಲ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆಗೆದ 'ನಾಗರಹಾವು' ಚಿತ್ರದ ರಾಮಾಚಾರಿ, ಅವಮಾನ ಮಾಡಿದ ಪ್ರಿನ್ಸಿಪಾಲರನ್ನು ಕಂಬಕ್ಕೆ ಕಟ್ಟುವ ಚಿತ್ರದುರ್ಗದ ಕಾಲೇಜು ಹುಡುಗ, ಹೋಲ್ಡನ್‌ನಷ್ಟೇ ಮೊಂಡ, ಅವನಿಗಿಂತ ಹೆಚ್ಚು ಕೋಪಿಷ್ಠ. ಅವನ ಮಾತು ಕೇಳುವವರು ಚಾಮಯ್ಯ ಮೇಷ್ಟ್ರು ಒಬ್ಬರೇ. ಆ ಮೇಷ್ಟ್ರೇ ಜಾತಿ ಸಂಪ್ರದಾಯದ ಹೆಸರಿನಲ್ಲಿ ಅವನಿಂದ ಪ್ರೀತಿಯ ತ್ಯಾಗ ಮಾಡಿಸುತ್ತಾರೆ, ಅದರ ಫಲ ಎಲ್ಲರೂ ಉಣ್ಣುತ್ತಾರೆ. ಅನಂತಮೂರ್ತಿಯವರ 'ಘಟಶ್ರಾದ್ಧ'ದಲ್ಲಿ ವೇದಪಾಠಶಾಲೆಯ ಹುಡುಗ ನಾಣಿ ಯಮುನಕ್ಕನ ದುರಂತವನ್ನು ಹತ್ತಿರದಿಂದ ನೋಡುತ್ತಾನೆ. ಇವೆರಡೂ ಎಳೆಯ ಓದುಗರನ್ನು ಉದ್ದೇಶಿಸಿದವಲ್ಲ. ಹದಿಹರೆಯದ ಅವಮಾನ, ಹಸಿವು, ಸಿಟ್ಟುಗಳನ್ನು ಮರೆಮಾಚದೆ 'ನಾನು' ಎಂದು ಹೇಳಿಕೊಂಡ ಕನ್ನಡದ ಬರವಣಿಗೆ ಬೇಕಾದರೆ ದಲಿತ ಆತ್ಮಕಥೆಗಳಿಗೆ, ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ', ಸಿದ್ಧಲಿಂಗಯ್ಯನವರ 'ಊರುಕೇರಿ'ಯ ಶಾಲೆ ಮತ್ತು ಹಾಸ್ಟೆಲಿನ ಪುಟಗಳಿಗೆ ಹೋಗಬೇಕು.